ಹಳೆಯ ಫೋರ್ ವೀಲ್ ಡ್ರೈವ್‌ಗೆ ಹೊಸ ಸೈಲೆನ್ಸರ್: ಕೊಳವೆಗಿಂತ ಜಾಗದ ಲೆಕ್ಕವೇ ದೊಡ್ಡದು

ಸೈಲೆನ್ಸರ್ ತೂತಾದರೆ ಗಾಡಿ ಗುಡುಗುತ್ತದೆ, ನಾಲ್ಕು ದಿನಕ್ಕೆ ಕಿವಿ ಒಗ್ಗಿಕೊಳ್ಳುತ್ತದೆ, ರಿಪೇರಿ ಮುಂದಕ್ಕೆ ಹೋಗುತ್ತದೆ. ನನ್ನನ್ನು ಗಾಡಿಯ ಕೆಳಗೆ ನುಗ್ಗಿಸಿದ್ದು ಸದ್ದಲ್ಲ, ಗೇರ್ ಲಿವರಿನ ಬುಡದಿಂದ ಬರುತ್ತಿದ್ದ ಸುಟ್ಟ ಹೊಗೆಯ ವಾಸನೆ. ನನ್ನದು ಹಳೆಯ ಪೆಟ್ರೋಲ್ ಫೋರ್ ವೀಲ್ ಡ್ರೈವ್. ನೆಲದ ತಗಡಿನಲ್ಲಿ ಗೇರ್ ಲಿವರಿಗೊಂದು ಕಂಡಿ, ಲೋ ಗೇರಿಗೆ ಬದಲಿಸುವ ಟ್ರಾನ್ಸ್‌ಫರ್ ಲಿವರಿಗೊಂದು, ವೈರುಗಳಿಗೆ ಇನ್ನಷ್ಟು. ಅವುಗಳನ್ನು ಮುಚ್ಚಬೇಕಾದ ರಬ್ಬರೆಲ್ಲ ಒಣಗಿ ಬಿರಿದಿದೆ. ವೇಗವಾಗಿ ಹೋಗುವಾಗ ಕೆಳಗೆ ಸೋರಿದ ಹೊಗೆಯನ್ನು ಗಾಳಿ ಹಿಂದಕ್ಕೆ ಒಯ್ದುಬಿಡುತ್ತದೆ. ಕಲ್ಲುದಾರಿಯಲ್ಲಿ ಲೋ ಗೇರಿನಲ್ಲಿ ತೆವಳುವಾಗ ಮಾತ್ರ ಅದು ನೇರವಾಗಿ ಮೇಲೇಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೂಗಿಗೆ ಬಡಿಯುವುದು ಅದರ ಜೊತೆಗೆ ಬರುವ ಬೇರೆ ಅನಿಲಗಳು. ಹಾಗಾಗಿ ವಾಸನೆ ಕಡಿಮೆ ಇದೆ ಎಂದು ಸಮಾಧಾನ ಪಡುವಂತಿಲ್ಲ. ಕಿಟಕಿ ಇಳಿಸಿ ಓಡಿಸುವುದು ಪರಿಹಾರವಲ್ಲ. ಹಿಂಬಾಗಿಲು ತೆರೆದು ಓಡಿಸಿದರಂತೂ ಗಾಡಿಯ ಬೆನ್ನಿಗೆ ಸುತ್ತುವ ಗಾಳಿ ಹೊಗೆಯನ್ನು ಒಳಗೇ ಎಳೆದು ತರುತ್ತದೆ.

ಸೋರಿಕೆ ಹುಡುಕಲು ಎಂಜಿನ್ ಪೂರ್ತಿ ತಣ್ಣಗಿರಬೇಕು. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷಗಳಲ್ಲೇ ಎಲ್ಲ ಗೊತ್ತಾಗುತ್ತದೆ. ಕಬ್ಬಿಣ ಕಾದು ಹಿಗ್ಗಿದರೆ ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಕೊಳವೆಗೆ ಕೊಡುವ ಮ್ಯಾನಿಫೋಲ್ಡಿನ ಸಣ್ಣ ಬಿರುಕುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಟಕಟಕ ಸದ್ದೂ ನಿಲ್ಲುತ್ತದೆ. ಒಬ್ಬರು ದಪ್ಪ ಕೈಗವಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಹಿಂದಿನ ಕೊಳವೆಯ ಬಾಯನ್ನು ಕ್ಷಣಕಾಲ ಒತ್ತಿಹಿಡಿದರೆ, ಒಳಗಿನ ಒತ್ತಡ ಏರಿ ಸೋರುವ ಕಡೆಯೆಲ್ಲ ಬುಸ್ಸೆನ್ನುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಟಾರ್ಚ್ ಹಿಡಿದು ಮಸಿಯ ಗೆರೆಗಳನ್ನು ಹುಡುಕಿದೆ. ಜೋಡಣೆಯ ಅಂಚಿನಿಂದ ಹೊರಕ್ಕೆ ಬೀಸಣಿಗೆಯಂತೆ ಹರಡಿದ ಕಪ್ಪು ಕಂಡಲ್ಲೆಲ್ಲ ಹೊಗೆ ಹೊರಬಿದ್ದಿದೆ ಎಂದೇ ಅರ್ಥ. ನನ್ನ ಗಾಡಿಯಲ್ಲಿ ಮುಂದಿನ ಕೊಳವೆ ಮ್ಯಾನಿಫೋಲ್ಡಿಗೆ ಸೇರುವಲ್ಲಿ ಅಂತಹ ಗೆರೆ ಇತ್ತು. ಮಧ್ಯದ ಡಬ್ಬಿಯ ಹೊಲಿಗೆಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಒಳಗೆ ಹೋಯಿತು. ಹಿಂದಿನ ಸೈಲೆನ್ಸರಿನ ತಳವಂತೂ ಬೆರಳಲ್ಲಿ ತಟ್ಟಿದರೆ ಹಪ್ಪಳದಂತೆ ಉದುರುತ್ತಿತ್ತು.

ಹಿಂದಿನದೇ ಮೊದಲು ಹೋಗುವುದಕ್ಕೆ ಕಾರಣವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಕೊಳವೆ ಬಿಸಿಯಾಗಿದ್ದರೆ ಅದು ಹೊರಗೆ ಹೋಗುತ್ತದೆ. ಗಾಡಿಯನ್ನು ಬರೀ ಹತ್ತಿರದ ಓಡಾಟಕ್ಕೆ ಬಳಸಿದರೆ ಎಂಜಿನ್ನಿನಿಂದ ಅತಿ ದೂರದಲ್ಲಿರುವ ಹಿಂದಿನ ಡಬ್ಬಿ ಸರಿಯಾಗಿ ಕಾಯುವುದೇ ಇಲ್ಲ. ಆವಿ ಅಲ್ಲೇ ನೀರಾಗಿ, ಹೊಗೆಯ ಆಮ್ಲವನ್ನು ಹೀರಿಕೊಂಡು ತಳದಲ್ಲಿ ನಿಲ್ಲುತ್ತದೆ. ಸೈಲೆನ್ಸರುಗಳ ತಳದಲ್ಲಿ ಕೆಲವೊಮ್ಮೆ ಕಾಣುವ ಪುಟ್ಟ ರಂಧ್ರ ಈ ನೀರು ಇಳಿಯಲೆಂದೇ ಇಟ್ಟದ್ದು. ಅದನ್ನು ಸೋರಿಕೆ ಎಂದು ತಿಳಿದು ಬೆಸೆದು ಮುಚ್ಚುವವರನ್ನು ನೋಡಿದ್ದೇನೆ. ಹೊರಗಿನಿಂದ ಕೆಸರು ತಿನ್ನುವುದು ಬೇರೆ. ಕೊಳವೆಯನ್ನು ಬಿಗಿಯುವ ಕ್ಲಾಂಪು, ತೂಗುಹಾಕುವ ಹ್ಯಾಂಗರುಗಳ ಸಂದಿಯಲ್ಲಿ ಕೂತ ಮಣ್ಣು ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಎರಡು ಕಡೆ ತಗಡಿನ ತೇಪೆ ಹಾಕಿ ದಿನ ನೂಕಬಹುದಿತ್ತು. ಆದರೆ ತೇಪೆಯನ್ನು ಬೆಸೆಯಲು ಸುತ್ತ ಗಟ್ಟಿ ಲೋಹ ಬೇಕು. ತೆಳುವಾದ ತಗಡಿಗೆ ಬೆಸುಗೆ ತಾಗಿಸಿದರೆ ತೂತು ಇನ್ನೂ ದೊಡ್ಡದಾಗುತ್ತದೆ. ಮ್ಯಾನಿಫೋಲ್ಡಿನಿಂದ ಹಿಂದಕ್ಕೆ ಎಲ್ಲವನ್ನೂ ಬದಲಿಸಲು ನಿರ್ಧರಿಸಿದೆ, ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಂದನ್ನು ಬಿಟ್ಟು. ಅದು ಗಟ್ಟಿಯಾಗಿತ್ತು, ತಟ್ಟಿದರೆ ಒಳಗೆ ಏನೂ ಗಲಗಲ ಎನ್ನಲಿಲ್ಲ. ಲೋಹದ ಆಯ್ಕೆಯಲ್ಲಿ ಮೂರು ದಾರಿ. ಸಾದಾ ಉಕ್ಕು ಅಗ್ಗ, ಬೇಗ ಹೋಗುತ್ತದೆ. ಅಲ್ಯೂಮಿನಿಯಂ ಲೇಪದ ಉಕ್ಕು ಅದಕ್ಕಿಂತ ಬಾಳುತ್ತದೆ, ಆದರೆ ಬೆಸೆದ ಜಾಗದಲ್ಲಿ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಮೂರನೆಯದು ಸ್ಟೇನ್‌ಲೆಸ್, ಅದರಲ್ಲೂ ಎರಡು ಬಗೆ. 409 ದರ್ಜೆಯದು ಅಯಸ್ಕಾಂತಕ್ಕೆ ಅಂಟುತ್ತದೆ, ಮೇಲ್ಮೈ ಕಂದಾಗುತ್ತದೆ, ಆದರೂ ಬಹುಕಾಲ ನಿಲ್ಲುತ್ತದೆ. 304 ಅಂಟುವುದಿಲ್ಲ, ಹೊಳಪೂ ಹೆಚ್ಚು, ಬೆಲೆಯೂ ಹೆಚ್ಚು. ನಾನು 409 ತೆಗೆದುಕೊಂಡೆ. ಗಾಡಿಯ ಹೊಟ್ಟೆಯ ಕೆಳಗೆ ಹೊಳಪು ಯಾರಿಗೆ ಬೇಕು? ಕೊಳವೆಯ ಅಗಲವನ್ನೂ ಮೂಲದಷ್ಟೇ ಇಟ್ಟೆ. ದೊಡ್ಡ ಕೊಳವೆ ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂಬ ಮಾತು ಎಂಜಿನ್ ಜೋರಾಗಿ ತಿರುಗುವಾಗ ಸ್ವಲ್ಪ ನಿಜವಿರಬಹುದು. ಟರ್ಬೊ ಇಲ್ಲದ ಈ ಎಂಜಿನ್ ಬಂಡೆ ಹತ್ತುವುದು ನಿಧಾನಗತಿಯ ಎಳೆತದಲ್ಲಿ, ಅಲ್ಲಿ ಅದರಿಂದ ಲಾಭವಿಲ್ಲ. ಮೇಲಾಗಿ ದಪ್ಪ ಕೊಳವೆ ಆಕ್ಸಲಿನ ಮೇಲಿನ ಜಾಗವನ್ನು ನುಂಗುತ್ತದೆ, ನನಗೆ ಅದು ಅಮೂಲ್ಯ.

ಗಾಡಿಯನ್ನು ಎತ್ತುವ ಮೊದಲು ಒಂದು ಎಚ್ಚರಿಕೆ. ಹಳೆಯ ಲ್ಯಾಂಡ್ ರೋವರುಗಳಲ್ಲಿರುವಂತೆ ಕೆಲವು ಗಾಡಿಗಳ ಕೈಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ, ಆಕ್ಸಲಿಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ನನ್ನದೂ ಆ ಬಗೆಯದೇ. ಅಂತಹ ಗಾಡಿಯ ಒಂದೇ ಒಂದು ಹಿಂಚಕ್ರ ನೆಲ ಬಿಟ್ಟರೆ ಎರಡು ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ಆ ಚಕ್ರ ಹಿಮ್ಮುಖವಾಗಿ ತಿರುಗಿ ಇನ್ನೊಂದು ಚಕ್ರ ಉರುಳಲು ಬಿಡುತ್ತದೆ. ಕೈಬ್ರೇಕ್ ಎಳೆದಿದ್ದರೂ ಗಾಡಿ ಜಾಕಿನಿಂದ ಜಾರುತ್ತದೆ. ಮುಂಚಕ್ರಗಳಿಗೆ ಎರಡೂ ಕಡೆ ಗಟ್ಟಿ ಅಡೆ ಕೊಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ, ಗಾಡಿಯನ್ನು ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಒಳಗೆ ಹೋದೆ. ಕಣ್ಣಿಗೆ ಮುಚ್ಚಿದ ಕನ್ನಡಕ ಬೇಕೇ ಬೇಕು. ಮಲಗಿಕೊಂಡು ಮೇಲೆ ನೋಡುವವನ ಕಣ್ಣಿಗೆ ತುಕ್ಕು ನೇರವಾಗಿ ಬೀಳುತ್ತದೆ.

ಹಳೆಯದನ್ನು ಕಳಚುವಾಗ ಉಳಿಸಿಕೊಳ್ಳಬೇಕಾದದ್ದು ಯಾವುದು, ಹಾಳಾದರೂ ಚಿಂತೆಯಿಲ್ಲದ್ದು ಯಾವುದು ಎಂದು ಮೊದಲೇ ವಿಂಗಡಿಸಿಕೊಂಡೆ. ಹಿಂದಿನ ಕೊಳವೆ, ಡಬ್ಬಿಗಳು, ಕ್ಲಾಂಪುಗಳು ಹೇಗೂ ಗುಜರಿಗೆ. ಅವುಗಳ ನಟ್ಟುಗಳ ಜೊತೆ ಗುದ್ದಾಡುವುದು ವ್ಯರ್ಥ. ಗ್ರೈಂಡರಿನಲ್ಲಿ ಕತ್ತರಿಸಿ ತುಂಡುತುಂಡಾಗಿ ಇಳಿಸಿದೆ. ಪೆಟ್ರೋಲ್ ಟ್ಯಾಂಕು, ಬ್ರೇಕಿನ ಕೊಳವೆಗಳು ಹತ್ತಿರವಿರುವ ಕಡೆ ಕಿಡಿ ಹಾರಿಸಲಿಲ್ಲ, ಅಲ್ಲಿ ಕೈಗರಗಸವೇ. ಕನ್ವರ್ಟರಿನ ಹಿಂದುಗಡೆಯ ಮೂತಿಯ ಮೇಲೆ ಹಳೆಯ ಕೊಳವೆಯ ತೋಳು ಕಚ್ಚಿಕೊಂಡಿತ್ತು. ಹೊರಗಿನ ತೋಳಿಗೆ ಮಾತ್ರ ಉದ್ದುದ್ದಕ್ಕೆ ಎರಡು ಸೀಳು ಹಾಕಿ, ಉಳಿಯಿಂದ ಬಾಳೆಯ ಸಿಪ್ಪೆ ಸುಲಿದ ಹಾಗೆ ಬಿಡಿಸಿದೆ. ಒಳಗಿನ ಮೂತಿಗೆ ಗಾಯವಾಗಲಿಲ್ಲ. ಹ್ಯಾಂಗರುಗಳ ರಬ್ಬರಿಗೆ ಎಣ್ಣೆ ತಾಗಿಸಬಾರದು, ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೀರು ಸಾಕು.

ಮ್ಯಾನಿಫೋಲ್ಡಿನಿಂದ ಚಾಚಿದ, ನಟ್ಟು ಕೂರುವ ಮೂರು ಸ್ಟಡ್‌ಗಳದ್ದೇ ಬೇರೆ ಕಥೆ. ಅವು ಮುರಿದರೆ ಒಂದು ಮಧ್ಯಾಹ್ನದ ಕೆಲಸ ಒಂದು ವಾರಕ್ಕೆ ಎಳೆಯುತ್ತದೆ. ಹಿಂದಿನ ರಾತ್ರಿಯೇ ತಂತಿ ಬ್ರಷ್‌ನಿಂದ ಎಳೆಗಳನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟಿದ್ದೆ. ಬೆಳಿಗ್ಗೆ ಆ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಗ್ಯಾಸ್ ಟಾರ್ಚಿನಿಂದ ನಟ್ಟನ್ನು ಮಾತ್ರ ಕಾಯಿಸಿದೆ, ಸ್ಟಡ್ಡನ್ನಲ್ಲ. ನಟ್ಟು ಹಿಗ್ಗಿದಾಗ ತುಕ್ಕಿನ ಹಿಡಿತ ಒಡೆಯುತ್ತದೆ. ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಒಂದು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಕೀರ್ ಎಂದ ಕೂಡಲೇ ನಿಲ್ಲಿಸಿ ಮತ್ತೆ ಬಿಗಿದು, ಮತ್ತೆ ಬಿಚ್ಚಿ, ಹೀಗೆ ಹಿಂದೆಮುಂದೆ ಮಾಡುತ್ತ ತುಕ್ಕಿನ ಪುಡಿಯನ್ನು ಹೊರಕ್ಕೆ ದೂಡಬೇಕು. ಕೈಗೆ ಅದು ಜಿಗುಟಾಗಿ, ರಬ್ಬರು ತಿರುಚಿದಂತೆ ಅನ್ನಿಸಿದರೆ ಸ್ಟಡ್ ತಿರುಚಿಕೊಳ್ಳುತ್ತಿದೆ ಎಂದೇ ಲೆಕ್ಕ. ಅಲ್ಲಿಗೆ ಸ್ಪ್ಯಾನರ್ ಕೆಳಗಿಟ್ಟು ಮತ್ತೆ ಕಾಯಿಸಬೇಕು. ಎರಡು ಹೀಗೆ ಬಂದವು. ಮೂರನೆಯದರ ನಟ್ಟಿನ ಮೂಲೆಗಳು ಮೊದಲೇ ಸವೆದಿದ್ದವು, ಅದನ್ನು ನಟ್ ಸ್ಪ್ಲಿಟರ್‌ನಿಂದ ಸೀಳಿ ತೆಗೆದೆ. ಹೊಸದಾಗಿ ಹಾಕಿದ್ದು ಹಿತ್ತಾಳೆಯ ಉದ್ದ ನಟ್ಟುಗಳನ್ನು. ಹಿತ್ತಾಳೆ ಉಕ್ಕಿನ ಸ್ಟಡ್ಡಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಮುಂದೆ ಯಾವತ್ತಾದರೂ ಎಳೆ ಹಾಳಾಗಬೇಕಾದರೆ ಸ್ಟಡ್ಡಿನ ಬದಲು ನಟ್ಟಿನದೇ ಹಾಳಾಗಲಿ.

ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುವ ಆಕ್ಸಿಜನ್ ಸೆನ್ಸರನ್ನು 22 ಮಿಲಿಮೀಟರಿನ, ವೈರಿಗೆ ಸೀಳಿರುವ ಸಾಕೆಟ್ಟಿನಿಂದ ಬಿಚ್ಚಿದೆ. ವಾಪಸು ಹಾಕುವಾಗ ಎಳೆಗಳಿಗಷ್ಟೇ ತಾಮ್ರದ ಪೇಸ್ಟ್, ತುದಿಗೆ ಒಂದು ಚುಕ್ಕೆಯೂ ತಾಗಬಾರದು. ಈ ಸೆನ್ಸರಿನ ಕಾರಣಕ್ಕೇ ಮುಂದಿನ ಜೋಡಣೆಯ ಸೋರಿಕೆ ಹಿಂದಿನದಕ್ಕಿಂತ ಕೆಟ್ಟದ್ದು. ಹೊಗೆ ಒಂದೇ ಸಮನೆ ಹೋಗುವುದಿಲ್ಲ, ಬಡಿತ ಬಡಿತವಾಗಿ ಹೋಗುತ್ತದೆ. ಎರಡು ಬಡಿತಗಳ ನಡುವೆ ಒತ್ತಡ ಇಳಿದಾಗ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರ್ ಆ ಗಾಳಿಯನ್ನು ಕಂಡು ಪೆಟ್ರೋಲ್ ಸಾಲದು ಎಂದು ವರದಿ ಕೊಡುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಗಾಡಿ ಇತ್ತೀಚೆಗೆ ಹೆಚ್ಚು ಕುಡಿಯುತ್ತಿದ್ದುದಕ್ಕೆ ಉತ್ತರ ಅಲ್ಲಿತ್ತು.

ಜೋಡಿಸುವುದರಲ್ಲಿ ನಾನು ಬಿಡದೆ ಪಾಲಿಸುವ ನಿಯಮ: ಎಲ್ಲ ತುಂಡುಗಳೂ ತಮ್ಮ ಜಾಗದಲ್ಲಿ ತೂಗುವವರೆಗೆ ಯಾವ ನಟ್ಟನ್ನೂ ಬಿಗಿಯುವುದಿಲ್ಲ. ಜೋಡಣೆಗಳ ನಡುವೆ ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ಟುಗಳನ್ನಿಟ್ಟು, ಮುಂದಿನ ಕೊಳವೆಯಿಂದ ಹಿಂದಿನ ಬಾಲದವರೆಗೆ ಎಲ್ಲವನ್ನೂ ಬೆರಳಬಿಗಿಯಲ್ಲಿ ನೇತುಹಾಕಿದೆ. ಆಮೇಲೆ ಪ್ರತಿ ಡಬ್ಬಿಯನ್ನು ಹಿಡಿದು ತಿರುಗಿಸಿ, ಜರುಗಿಸಿ, ರಬ್ಬರುಗಳೆಲ್ಲ ನೇರವಾಗಿ ಕೆಳಗೆ ತೂಗುವ ಹಾಗೆ ಮಾಡಿದೆ. ರಬ್ಬರ್ ಓರೆಯಾಗಿ ಎಳೆದುಕೊಂಡಿದ್ದರೆ ಎಲ್ಲೋ ಕೊಳವೆ ಬಲವಂತಕ್ಕೆ ಸಿಕ್ಕಿದೆ ಎಂದೇ ಅರ್ಥ, ಆ ಬಲವಂತ ಮುಂದೊಂದು ದಿನ ಮ್ಯಾನಿಫೋಲ್ಡನ್ನು ಬಿರಿಯುತ್ತದೆ. ಹಿಗ್ಗುವಿಕೆಗೂ ಜಾಗ ಬಿಡಬೇಕು: ಎರಡು ಮೀಟರ್ ಉದ್ದದ ಸಾದಾ ಉಕ್ಕಿನ ಕೊಳವೆ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ, 304 ಸ್ಟೇನ್‌ಲೆಸ್ ಆದರೆ 10ರಷ್ಟು. ಯು ಕ್ಲಾಂಪುಗಳ ಬದಲು ಅಗಲ ಪಟ್ಟಿಯ ಕ್ಲಾಂಪು ಬಳಸಿದೆ. ಯು ಕ್ಲಾಂಪು ಕೊಳವೆಯನ್ನು ಹಿಸುಕಿ ತಗ್ಗು ಮಾಡುತ್ತದೆ, ಮುಂದಿನ ಸಲ ಅದನ್ನು ಬಿಡಿಸಲು ಮತ್ತೆ ಗರಗಸವೇ ಗತಿ. ಕ್ಲಾಂಪಿನ ಬೋಲ್ಟುಗಳು ಕೆಳಕ್ಕೆ ಚಾಚದಂತೆ ಮೇಲ್ಮುಖವಾಗಿ ತಿರುಗಿಸಿಟ್ಟೆ, ಇಲ್ಲದಿದ್ದರೆ ಮೊದಲ ಬಂಡೆಯೇ ಅವನ್ನು ಸವರಿಕೊಂಡು ಹೋಗುತ್ತದೆ.

ರಸ್ತೆಯ ಕಾರಿಗಾದರೆ ಇಲ್ಲಿಗೆ ಬಿಗಿದು ಮುಗಿಸಬಹುದು. ಇದರಲ್ಲಿ ಹಿಂದಿನ ಕೊಳವೆ ಆಕ್ಸಲಿನ ಮೇಲೆ ಹತ್ತಿ ಇಳಿಯುತ್ತದೆ, ಆಕ್ಸಲ್ ಮಾತ್ರ ಒಂದು ಕಡೆ ನಿಲ್ಲುವುದಲ್ಲ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಇಟ್ಟಾಗ ಆಕ್ಸಲ್ ಕೆಳಗೆ ಜೋತುಬಿದ್ದು ಬೇಕಾದಷ್ಟು ಜಾಗ ಕಾಣಿಸುತ್ತದೆ. ಆ ಜಾಗವನ್ನು ನಂಬಬಾರದು. ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಆಕ್ಸಲಿಗೂ ಅದು ಮೇಲೇರುವುದನ್ನು ತಡೆಯುವ ಬಂಪ್ ಸ್ಟಾಪಿನ ರಬ್ಬರಿಗೂ ಇರುವ ಅಂತರ ಅಳೆದೆ. ಆಕ್ಸಲ್ ಅಷ್ಟಂತೂ ಮೇಲೆ ಬರುತ್ತದೆ, ರಬ್ಬರು ಅಮುಕಿಕೊಂಡಾಗ ಇನ್ನೂ ತುಸು ಹೆಚ್ಚು. ಕೊಳವೆಗೂ ಆಕ್ಸಲಿಗೂ ನಡುವೆ ಅದಕ್ಕಿಂತ ದೊಡ್ಡ ಅಂತರ ಇರಲೇಬೇಕು. ಲೆಕ್ಕ ಸರಿಬಂದರೂ ಕಣ್ಣಾರೆ ನೋಡುವ ಹಟ ನನ್ನದು. ಕ್ಲಾಂಪುಗಳನ್ನು ಅರೆಬಿಗಿ ಮಾಡಿ, ಆಕ್ಸಲಿನ ಮೇಲೆ ಕೊಳವೆಯ ನೇರಕ್ಕೆ ಜೇಡಿಮಣ್ಣಿನ ಗಟ್ಟಿ ಉಂಡೆಯೊಂದನ್ನು ಅಂಟಿಸಿ, ಗಾಡಿಯ ಒಂದು ಹಿಂಚಕ್ರ ದಿಣ್ಣೆಗೂ ಇನ್ನೊಂದು ಗುಂಡಿಗೂ ಬೀಳುವಂತೆ ನಿಧಾನವಾಗಿ ಓಡಿಸಿದೆ. ಮರಳಿ ಬಂದು ನೋಡಿದರೆ ಉಂಡೆ ಚಪ್ಪಟೆಯಾಗಿ, ಮೇಲೆ ಕೊಳವೆಯ ಬಾಗಿನ ಅಚ್ಚು ಮೂಡಿತ್ತು. ಉಳಿದಿದ್ದ ದಪ್ಪ ಹೆಬ್ಬೆರಳಿನಷ್ಟು. ಅದು ಸಾಕು, ಆದರೆ ಅಚ್ಚು ಒಂದು ಪಕ್ಕಕ್ಕೆ ವಾಲಿದ್ದರಿಂದ ಕೊಳವೆಯನ್ನು ಅಷ್ಟೇ ಚಾಸಿಯ ಕಡೆಗೆ ತಿರುಗಿಸಿದೆ. ಬ್ರೇಕಿನ ರಬ್ಬರ್ ಹೋಸು, ಶಾಕ್ ಅಬ್ಸಾರ್ಬರ್, ಪ್ರೊಪೆಲ್ಲರ್ ಶಾಫ್ಟ್ ಇವುಗಳ ಸುತ್ತಲೂ ಇದೇ ಕಣ್ಣಿಟ್ಟು ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿದೆ. ಬಾಲದ ತುದಿ ಬಾಡಿಯ ಅಂಚನ್ನು ದಾಟಿ ಹೊರಗೆ ಬಂದಿದೆಯೇ ಎಂಬುದನ್ನೂ ನೋಡಬೇಕು, ವಾಸನೆಯ ತೊಂದರೆ ಶುರುವಾಗುವ ಇನ್ನೊಂದು ಜಾಗ ಅದು.

ಮೊದಲ ಸ್ಟಾರ್ಟಿನಲ್ಲಿ ಇಡೀ ಕೊಳವೆ ಹೊಗೆಯಾಡಿತು. ಕಾರ್ಖಾನೆಯ ಎಣ್ಣೆಯ ಲೇಪ ಸುಡುವುದು ಅದು, ಹೆದರಬೇಕಿಲ್ಲ, ಆದರೆ ಈ ಕೆಲಸ ಬಯಲಲ್ಲೇ ಆಗಬೇಕು. ಚೆನ್ನಾಗಿ ಕಾಯಿಸಿ, ಪೂರ್ತಿ ಆರಿದ ಮೇಲೆ ಎಲ್ಲ ನಟ್ಟುಗಳಿಗೂ ಮತ್ತೆ ಸ್ಪ್ಯಾನರ್ ಹಾಕಿದೆ. ಗ್ಯಾಸ್ಕೆಟ್ ಕುಳಿತುಕೊಂಡ ಹಾಗೆ ಮ್ಯಾನಿಫೋಲ್ಡಿನ ಜೋಡಣೆಯ ಮೂರೂ ನಟ್ಟುಗಳು ಕಾಲು ಸುತ್ತಿನಷ್ಟು ತಿರುಗಿದವು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿದಾಗ ಅಲ್ಲಾಡಲಿಲ್ಲ. ಕನ್ವರ್ಟರಿನ ಕೆಳಗಿನ ಶಾಖದ ತಡೆ ತಗಡನ್ನು ಮರೆಯದೆ ವಾಪಸು ಹಾಕಿದೆ. ಸದ್ದು ಮಾಡುತ್ತದೆಂದು ಅದನ್ನು ಕಿತ್ತೆಸೆಯುವವರಿದ್ದಾರೆ. ಒಣಹುಲ್ಲಿನ ಮೇಲೆ ಬಿಸಿ ಕನ್ವರ್ಟರ್ ನಿಲ್ಲಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ನನ್ನದರ ಬೋಲ್ಟಿನ ಕಿವಿಗಳು ತುಕ್ಕು ತಿಂದು ಹೋಗಿದ್ದವು, ಹಾಗಾಗಿ ನಿಂತಲ್ಲೇ ಎಂಜಿನ್ ಓಡುವಾಗ ಝಣಝಣ ಎನ್ನುತ್ತಿತ್ತು. ಸ್ಟೇನ್‌ಲೆಸ್ಸಿನ ಎರಡು ದೊಡ್ಡ ಹೋಸ್ ಕ್ಲಿಪ್ಪುಗಳನ್ನು ಒಂದಕ್ಕೊಂದು ಪೋಣಿಸಿ, ತಗಡು ಕನ್ವರ್ಟರಿಗೆ ತಾಗದಂತೆ ಮೂಲ ಅಂತರ ಉಳಿಸಿ, ಸುತ್ತಿ ಬಿಗಿದ ಮೇಲೆ ಅದೂ ನಿಂತಿತು. ಇನ್ನು ನೆಲದ ಕಂಡಿಗಳ ರಬ್ಬರು ಬೂಟುಗಳು ಬಾಕಿ ಇವೆ.