ಕೌದಿ ಕಟ್ಟಿದ ಕೋಣೆಯಲ್ಲಿ ಒಂಬತ್ತು ಹಾಡು

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಹಿಂದೆ ಒಂದು ಕೋಣೆ ಇದೆ. ಹಂಚಿನ ಮಾಡು, ದಪ್ಪ ಗೋಡೆ, ಒಂದೇ ಕಿಟಕಿ. ಮೊದಲು ಅಲ್ಲಿ ಜೋಳದ ಚೀಲ ಇಡುತ್ತಿದ್ದೆವು. ಹೋದ ವರ್ಷ ಅದೇ ಕೋಣೆಯಲ್ಲಿ ಕೂತು ನಾನು ಬರೆದ ಒಂಬತ್ತು ಹಾಡು ರೆಕಾರ್ಡ್ ಮಾಡಿದೆ. ಒಂದು ಗಿಟಾರು, ಒಂದು ದನಿ. ಎಲ್ಲ ಸೇರಿ 31 ನಿಮಿಷ.

ಕೇಳಿದವರು ಜಾಸ್ತಿ ಕೇಳುವ ಪ್ರಶ್ನೆ ಒಂದೇ: ತಬಲಾ ಯಾಕಿಲ್ಲ, ಕೊಳಲು ಯಾಕಿಲ್ಲ?

ಅವೆಲ್ಲ ಇದ್ದವು. ಅದಕ್ಕೂ ಎರಡು ವರ್ಷ ಮೊದಲು ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಮೂರು ಹಾಡು ಮಾಡಿಸಿದ್ದೆ. ಕಿವಿಯಲ್ಲಿ ಕ್ಲಿಕ್ ಹಾಕಿದರು, ಅಂದರೆ ಲಯ ತಪ್ಪದಿರಲಿ ಅಂತ ಟಿಕ್ ಟಿಕ್ ಅನ್ನುವ ಸದ್ದು. ಮೊದಲು ಗಿಟಾರ್ ನುಡಿಸಿದೆ, ಆಮೇಲೆ ಅದರ ಮೇಲೆ ಹಾಡಿದೆ. ಕೀಬೋರ್ಡ್ ಬಂತು, ತಬಲಾ ಬಂತು, ನನ್ನ ದನಿ ಎಲ್ಲೆಲ್ಲಿ ಸ್ವಲ್ಪ ಇಳಿದಿತ್ತೋ ಅಲ್ಲೆಲ್ಲ ಕಂಪ್ಯೂಟರ್‌ನಲ್ಲಿ ಸರಿ ಮಾಡಿದರು. ಮುಗಿದ ಮೇಲೆ ಚಂದ ಕೇಳಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೂರರಲ್ಲಿ ಒಂದು ನನ್ನ ಅಜ್ಜಿಯ ಹಾಡು. ಅವಳು ತೀರಿಕೊಂಡ ವಾರ ಬರೆದದ್ದು. ಅದನ್ನು ಮನೆಯಲ್ಲಿ ಹಾಕಿದಾಗ ಅವ್ವ ಪೂರ್ತಿ ಕೇಳಿ, "ಛಲೋ ಐತಿ. ಆದ್ರ ನೀ ಎಲ್ಲಿ ಅದೀಯೋ ಇದರಾಗ?" ಅಂದಳು. ಆ ಮಾತು ನನ್ನೊಳಗೆ ಬಹಳ ದಿನ ಉಳಿಯಿತು.

ಅದೇ ಹೊತ್ತಿಗೆ ಗೆಳೆಯನೊಬ್ಬ ನಿಕ್ ಡ್ರೇಕ್ ಎಂಬ ಇಂಗ್ಲಿಷ್ ಹಾಡುಗಾರನ 'ಪಿಂಕ್ ಮೂನ್' ಆಲ್ಬಮ್ ಕೇಳಿಸಿದ. 1972ರಲ್ಲಿ ಬಂದದ್ದು. ಹನ್ನೊಂದು ಹಾಡು, 28 ನಿಮಿಷ. ಲಂಡನ್ನಿನ ಸ್ಟುಡಿಯೋದಲ್ಲಿ ಎರಡು ರಾತ್ರಿ ಕೂತು ಮುಗಿಸಿದ್ದ. ಒಂದು ಹಾಡಿನಲ್ಲಿ ಸ್ವಲ್ಪ ಪಿಯಾನೋ ಬರುತ್ತದೆ, ಉಳಿದದ್ದೆಲ್ಲ ಅವನು ಮತ್ತು ಅವನ ಗಿಟಾರು. ಪದಗಳು ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಆದರೂ ಆ ಮನುಷ್ಯ ಎದುರಿಗೆ, ಎರಡು ಮೊಳ ದೂರದಲ್ಲಿ ಕೂತಿದ್ದಾನೆ ಅನ್ನಿಸಿತು. ಬೆರಳು ತಂತಿಯ ಮೇಲೆ ಜಾರುವುದು ಕೇಳುತ್ತದೆ. ಸಾಲಿಗೆ ಮುಂಚೆ ಎಳೆದುಕೊಳ್ಳುವ ಉಸಿರು ಕೇಳುತ್ತದೆ.

ಇದು ನನಗೆ ಹೊಸದಲ್ಲ ಅಂತ ಆಮೇಲೆ ಹೊಳೆಯಿತು. ನಮ್ಮ ಅಜ್ಜನ ಊರು ಶಿಗ್ಗಾಂವಿ ಕಡೆ. ಶಿಶುನಾಳ ಶರೀಫರು ಹುಟ್ಟಿದ ಶಿಶುನಾಳ ಅದೇ ತಾಲ್ಲೂಕಿನಲ್ಲಿದೆ. ಅವರು ಬದುಕಿದ್ದು 1819ರಿಂದ 1889ರವರೆಗೆ. ಅವರ ತತ್ವಪದ ಇವತ್ತಿಗೂ ಆ ಭಾಗದಲ್ಲಿ ಊರೂರಲ್ಲಿ ಕೇಳುತ್ತದೆ. ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ಭಜನೆ ಇರುತ್ತಿತ್ತು. ಹಾರ್ಮೋನಿಯಂ ಪೇಟಿ, ತಾಳ, ದಮ್ಮಡಿ ಎಲ್ಲ ಸೇರಿ ಜೋರು. ಆದರೆ ನನಗೆ ನೆನಪಿರುವುದು ಅದು ಮುಗಿದ ಮೇಲಿನದು. ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ಮುದುಕ ಕಂಬಕ್ಕೆ ಒರಗಿ, ಏಕತಾರಿ ಮೀಟುತ್ತ ತನ್ನಷ್ಟಕ್ಕೆ ಹಾಡುತ್ತಿದ್ದ. ಒಂದೇ ತಂತಿ, ಒಂದೇ ಸ್ವರ. ನುಡಿ ಮರೆತರೆ ನಿಲ್ಲುತ್ತಿದ್ದ, ತಂತಿ ಮಾತ್ರ ನಡೆದೇ ಇರುತ್ತಿತ್ತು. ಆಮೇಲೆ ನೆನಪಾಗಿ ಮತ್ತೆ ಹಿಡಿಯುತ್ತಿದ್ದ. ನಾನು ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತೇ ಇರುತ್ತಿದ್ದೆ. ಇಡೀ ಭಜನೆಗಿಂತ ಆ ಹತ್ತು ನಿಮಿಷ ನನ್ನನ್ನು ಹೆಚ್ಚು ಹಿಡಿದಿತ್ತು. ಗುಂಪು ಊರಿಗೆಲ್ಲ ಹಾಡುತ್ತದೆ. ಅವನು ಹಾಡುವಾಗ, ನಿಂತು ಕೇಳುವ ಒಬ್ಬನಿಗೇ ಏನೋ ಹೇಳುತ್ತಿದ್ದಾನೆ ಅನ್ನಿಸುತ್ತಿತ್ತು.

ಹಾಗಾಗಿ ತೆಗೆಯಲು ಶುರು ಮಾಡಿದೆ. ತಬಲಾ ತೆಗೆದೆ, ಕೀಬೋರ್ಡ್ ತೆಗೆದೆ. ಗಿಟಾರಿನ ಶ್ರುತಿಯನ್ನೂ ಬದಲಿಸಿದೆ. ಗಿಟಾರ್ ನುಡಿಸುವವರಿಗೆ ಇದು ಉಪಯೋಗಕ್ಕೆ ಬಂದೀತು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿಟಾರಿನ ಆರು ತಂತಿ ದಪ್ಪದರಿಂದ ಸಣ್ಣದಕ್ಕೆ ಇ, ಎ, ಡಿ, ಜಿ, ಬಿ, ಇ. ಎರಡು ಇ ತಂತಿಗಳನ್ನು ಡಿಗೆ ಇಳಿಸಿ, ಬಿಯನ್ನು ಎಗೆ ಇಳಿಸಿದೆ. ಬೇರೆ ದೇಶದ ಜಾನಪದ ಗಿಟಾರ್‌ನವರು ಬಹಳ ಬಳಸುವ ಶ್ರುತಿ ಇದು. ಡಿ ಅಂದರೆ ನಮ್ಮ ಪೇಟಿಯವರು ಹೇಳುವ ಬಿಳಿ ಎರಡು. ಅದನ್ನು ಷಡ್ಜ, ಅಂದರೆ ಸ, ಅಂತ ಇಟ್ಟುಕೊಂಡರೆ ಆರು ತಂತಿ ಹೀಗೆ ಮಾತಾಡುತ್ತವೆ: ಸ, ಪ, ಸ, ಮ, ಪ, ಸ. ಗಾಂಧಾರ, ಅಂದರೆ ಗ, ಇಲ್ಲವೇ ಇಲ್ಲ! ಕೆಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಹಿಡಿದರೆ, ಶುದ್ಧ ಗಾಂಧಾರದ ಮೇಜರೋ, ಅದಕ್ಕಿಂತ ತುಸು ಇಳಿದ ಕೋಮಲ ಗಾಂಧಾರದ ಮೈನರೋ ಅಂತ ಮೊದಲೇ ತೀರ್ಮಾನ ಆಗಿಬಿಡುತ್ತದೆ. ಇಲ್ಲಿ ಹಾಗಲ್ಲ. ಗಾಂಧಾರ ಕೋಮಲವೋ ಶುದ್ಧವೋ ಅನ್ನುವುದನ್ನು ಹಾಡುವವನ ಕೊರಳೇ ಹೇಳಬೇಕು. ಒಂದೇ ಸಾಲನ್ನು ಮೊದಲ ನುಡಿಯಲ್ಲಿ ಕೋಮಲ ಮಾಡಿ, ಕೊನೆಯ ನುಡಿಯಲ್ಲಿ ಶುದ್ಧ ಮಾಡಿದರೆ ಅರ್ಥವೇ ತಿರುಗುತ್ತದೆ. ಅಜ್ಜಿಯ ಹಾಡಿನಲ್ಲಿ ನಾನು ಮಾಡಿದ್ದು ಅದನ್ನೇ. ರೊಟ್ಟಿ ಬಡಿಯುವ ಸದ್ದು ನಿಂತಿತು ಅನ್ನುವ ಸಾಲು ಅದು.

ಕೋಣೆಯ ಕೆಲಸಕ್ಕೆ ಕೌದಿ ಒದಗಿ ಬಂತು. ಬರಿ ಗೋಡೆಗೆ ದನಿ ಬಡಿದು ವಾಪಸು ಬರುತ್ತಿತ್ತು, ಬಾವಿಯಲ್ಲಿ ಮಾತಾಡಿದ ಹಾಗೆ. ಅಜ್ಜಿ ಹೊಲಿದ ನಾಲ್ಕು ಕೌದಿ ಟ್ರಂಕಿನಲ್ಲಿದ್ದವು, ಹಳೆ ಸೀರೆ, ಧೋತರ ಪದರ ಪದರ ಸೇರಿಸಿ ಹೊಲಿದದ್ದು. ಮೂರನ್ನು ಗೋಡೆಗೆ ಇಳಿಬಿಟ್ಟೆ, ಒಂದನ್ನು ಕಿಟಕಿಗೆ ಕಟ್ಟಿದೆ. ದುಡ್ಡು ಕೊಟ್ಟು ಫೋಮ್ ತರುವ ಅಗತ್ಯ ಬೀಳಲಿಲ್ಲ.

ಮೈಕು ಎರಡು. ಒಂದು ಬಾಯಿಗೆ, ಒಂದು ಗಿಟಾರಿಗೆ. ಗಿಟಾರಿನ ಮೈಕನ್ನು ನಡುವಿನ ತೂತಿನ ಎದುರಿಗೆ ಇಡಬಾರದು, ಬರೀ ಗುಂಯ್ ಅನ್ನುತ್ತದೆ. ಗಿಟಾರಿನ ಕುತ್ತಿಗೆಯ ಹನ್ನೆರಡನೇ ಪಟ್ಟಿಯ (ಫ್ರೆಟ್) ಎದುರಿಗೆ ಒಂದು ಗೇಣು ದೂರ ಇಟ್ಟರೆ ತಂತಿಯ ಸದ್ದು ತಿಳಿಯಾಗಿ ಬರುತ್ತದೆ. ದನಿ ಗಿಟಾರಿನ ಮೈಕಿಗೂ, ಗಿಟಾರು ದನಿಯ ಮೈಕಿಗೂ ಹೋಗಿಯೇ ಹೋಗುತ್ತದೆ. ಅಂದರೆ ಆಮೇಲೆ ಒಂದನ್ನೇ ತಿದ್ದಲು ಬರುವುದಿಲ್ಲ. ತಪ್ಪಿದರೆ ಪೂರ್ತಿ ಹಾಡು ಮತ್ತೆ. ನನಗೆ ಬೇಕಾಗಿದ್ದೂ ಅದೇ. ಕ್ಲಿಕ್ ಇಲ್ಲದೆ, ನುಡಿಸುತ್ತಲೇ ಹಾಡುವಾಗ ಲಯ ಉಸಿರಿನ ಜೊತೆ ಹೋಗುತ್ತದೆ. ದುಃಖದ ಸಾಲಿಗೆ ತಾನಾಗಿ ಒಂದು ಚೂರು ನಿಧಾನ ಆಗುತ್ತದೆ. ಕೇಳುವವರು ಅದನ್ನು ಲೆಕ್ಕ ಹಾಕುವುದಿಲ್ಲ, ಆದರೆ ಅವರಿಗೆ ಅದು ತಟ್ಟುತ್ತದೆ.

ತೊಂದರೆ ಎರಡು ಕಡೆಯಿಂದ ಬಂತು. ಒಂದು ರೈಲು. ಸ್ಟೇಷನ್ ಹತ್ತಿರವೇ ಇರುವುದರಿಂದ ಗಾಡಿಗಳ ವೇಳೆ ಗೋಡೆಯ ಮೇಲೆ ಬರೆದಿಟ್ಟು, ನಡುವಿನ ಬಿಡುವಿನಲ್ಲಿ ಹಾಡುತ್ತಿದ್ದೆ. ಇನ್ನೊಂದು ಮಳೆ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಬಿಡುವುದೇ ಇಲ್ಲ. ತಂಪಿಗೆ ಗಿಟಾರಿನ ಕಟ್ಟಿಗೆ ಉಬ್ಬಿ ಶ್ರುತಿ ಸರಿಯುತ್ತಿತ್ತು, ಪ್ರತಿ ಟೇಕಿಗೂ ಮತ್ತೆ ಕೂಡಿಸಬೇಕು. ಅಕ್ಕಿ ಡಬ್ಬಿಯ ಪಕ್ಕ ಒಣಗಿದ ಜಾಗದಲ್ಲಿ ಗಿಟಾರ್ ಮಲಗಿಸಿ ಮಳೆ ಕಡಿಮೆ ಆಗುವವರೆಗೆ ಕಾಯ್ದೆ. ಒಂಬತ್ತರಲ್ಲಿ ಏಳು ಹಾಡು ದಸರೆಯ ನಂತರವೇ ಆಗಿದ್ದು.

ಉಳಿದೆರಡು ಮಳೆಯಲ್ಲೇ ಆದವು. ಅಜ್ಜಿಯ ಹಾಡು ಅದರಲ್ಲೊಂದು. ಹತ್ತೊಂಬತ್ತು ಸಲ ಹಾಡಿದೆ. ಹದಿನಾರನೆಯದು ಎಲ್ಲ ರೀತಿಯಲ್ಲೂ ಸರಿ ಇತ್ತು. ನಾನು ಇಟ್ಟುಕೊಂಡಿದ್ದು ನಾಲ್ಕನೆಯದನ್ನು. ಅದರಲ್ಲಿ ಮೂರನೇ ನುಡಿಗೆ ಮುಂಚೆ ನನಗೆ ಗಂಟಲು ಕಟ್ಟಿ, ಸಾಲು ಹಿಡಿಯಲು ಆಗಲಿಲ್ಲ. ಬೆರಳು ಮಾತ್ರ ದಪ್ಪ ತಂತಿಯನ್ನು ಮೀಟುತ್ತಲೇ ಇತ್ತು, ಆ ಮುದುಕನ ಏಕತಾರಿಯ ಹಾಗೆ. ಹನ್ನೊಂದು ಸೆಕೆಂಡು ಬರೀ ಸ, ಸ, ಸ. ಹಂಚಿನ ಮೇಲೆ ಮಳೆ. ಆಮೇಲೆ ದನಿ ಬಂತು.

ಕತ್ತರಿಸಿಬಿಡಬೇಕಾ ಅಂತ ಒಂದು ವಾರ ಯೋಚಿಸಿದೆ. ಕೊನೆಗೆ ಅವ್ವನಿಗೇ ಕೇಳಿಸಿದೆ. ಸಂಜೆ ಹೊತ್ತು, ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಾಡು ಆ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು. ದನಿ ಮತ್ತೆ ಶುರುವಾಗುವವರೆಗೂ ಸುಮ್ಮನೆ ಕೂತಳು. ಹಾಡು ಮುಗಿದ ಮೇಲೆ ಒಂದು ಕಾಯಿ ತೆಗೆದುಕೊಂಡು ಸುಲಿಯುತ್ತ, "ಇನ್ನೊಮ್ಮೆ ಹಚ್ಚು" ಅಂದಳು.