ಸೌರಶಕ್ತಿಯಿಂದ ರೊಟ್ಟಿ ಘಟಕ: ವಿಜಯಪುರ ಸೀಮೆಯ ಮಹಿಳಾ ಸಂಘಗಳಿಗೆ

ಜೋಳದ ಹಿಟ್ಟು ಹಳತಾದಂತೆ ಜಿಗಿ ಕಳೆದುಕೊಳ್ಳುತ್ತದೆ. ಹಳೆಯ ಹಿಟ್ಟನ್ನು ಎಷ್ಟೇ ಕುದಿನೀರು ಹಾಕಿ ನಾದಿದರೂ ರೊಟ್ಟಿಯ ಅಂಚು ಹರಿಯುತ್ತದೆ ಎಂಬುದನ್ನು ಈ ಭಾಗದ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗಾಗಿ ರೊಟ್ಟಿ ಮಾರುವ ಸಂಘವು ಎರಡು ಮೂರು ದಿನಕ್ಕೊಮ್ಮೆಯಾದರೂ ಹಿಟ್ಟು ಬೀಸಿಸಲೇಬೇಕು. ಗಿರಣಿಗೆ ಹೋದ ಹೊತ್ತಿನಲ್ಲಿ ಕರೆಂಟ್ ಇರದಿದ್ದರೆ ಮರುದಿನದ ದುಡಿಮೆ ನಿಂತಂತೆಯೇ. ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಮತ್ತು ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುತ್ ಕೇಂದ್ರ ಇರುವ ಜಿಲ್ಲೆಯಲ್ಲಿ ಹೆಂಗಸರು ಜೋಳದ ಡಬ್ಬಿ ಹೊತ್ತು ಹೋಗಿ, ಬೀಸಿಸದೆ ಹಾಗೆಯೇ ಮರಳಿ ಬರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬಸವನ ಬಾಗೇವಾಡಿ ಕಡೆಯ ಸಂಘಗಳ ಜೊತೆ ಕೆಲಸ ಮಾಡುತ್ತ ಕಲಿತದ್ದನ್ನು, ಬೇರೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಬಿಸಿಲಿನ ಕರೆಂಟಿನಿಂದ ಯಾವ ಕೆಲಸ ಮಾಡಿಸಬೇಕು ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿಕೊಳ್ಳಬೇಕು. ಯಂತ್ರ ತಿರುಗಿಸುವುದಕ್ಕೆ ಬೇಕಾಗುವ ವಿದ್ಯುತ್ತು ಸ್ವಲ್ಪ, ಕಾಯಿಸುವುದಕ್ಕೆ ಬೇಕಾಗುವುದು ಬಹಳ. 2,000 ವ್ಯಾಟಿನ ಒಂದು ವಿದ್ಯುತ್ ಒಲೆ ಒಂದು ತಾಸಿನಲ್ಲಿ ತಿನ್ನುವ ಎರಡು ಯೂನಿಟ್‌ನಲ್ಲಿ, ಅರ್ಧ ಎಚ್‌ಪಿ ಮೋಟರಿನ ಲಟ್ಟಿಸುವ ಯಂತ್ರವನ್ನು ಸುಮಾರು ನಾಲ್ಕು ತಾಸು ನಡೆಸಬಹುದು. ಆದ್ದರಿಂದ ಬೀಸುವುದು, ಲಟ್ಟಿಸುವುದು, ದೀಪ ಮತ್ತು ಫ್ಯಾನು ಇಷ್ಟನ್ನೇ ಸೋಲಾರಿಗೆ ಒಪ್ಪಿಸಿ, ಹಂಚಿನ ಕೆಳಗಿನ ಬೆಂಕಿಯನ್ನು ಗ್ಯಾಸಿಗೋ, ಹೊಗೆಕೊಳವೆ ಇರುವ ಒಲೆಯಲ್ಲಿ ಉರಿಸುವ ತೊಗರಿಕಟ್ಟಿಗೆಗೋ ಬಿಡುವುದು ಒಳ್ಳೆಯದು. ಸದಸ್ಯರ ಮನೆಯಲ್ಲಿ ದನಗಳಿದ್ದರೆ ಗೋಬರ್ ಗ್ಯಾಸ್ ಕೂಡ ಆದೀತು. 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕಾಗುತ್ತದೆ.

ಎರಡನೆಯದು ಲೆಕ್ಕ. ಸೋಲಾರ್ ಪ್ಲೇಟುಗಳನ್ನು ಕೊಳ್ಳುವ ಮೊದಲು ಒಂದು ತಿಂಗಳು ಇರುವ ಅನುಕೂಲದಲ್ಲಿಯೇ ಕೆಲಸ ಮಾಡಿ, ದಿನಕ್ಕೆ ಎಷ್ಟು ಕಿಲೋ ಹಿಟ್ಟು ಹೋಯಿತು, ಎಷ್ಟು ರೊಟ್ಟಿ ಮಾರಾಟವಾದವು, ಎಷ್ಟು ಉದ್ರಿ ಉಳಿಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮಾರಾಟ ಗಟ್ಟಿಯಾಗದ ಸಂಘ ಪ್ಲೇಟು ಕೂರಿಸಿದರೆ ಸಾಲವೊಂದೇ ಬೆಳೆಯುತ್ತದೆ. ಆ ಪುಸ್ತಕವನ್ನು ಮುಂದಿಟ್ಟುಕೊಂಡು ತಾಸುಗಳನ್ನು ಲೆಕ್ಕ ಹಾಕಬೇಕು. ಉದಾಹರಣೆಗೆ, ಲಟ್ಟಿಸುವ ಯಂತ್ರ 500 ವ್ಯಾಟ್ ಎಳೆಯುತ್ತ ಐದು ತಾಸು ನಡೆದರೆ ಎರಡೂವರೆ ಯೂನಿಟ್, ಒಂದು ಎಚ್‌ಪಿಯ ಸಣ್ಣ ಗಿರಣಿ ಸುಮಾರು 1,000 ವ್ಯಾಟ್ ಎಳೆಯುತ್ತ ಮೂರು ತಾಸು ನಡೆದರೆ ಮೂರು ಯೂನಿಟ್, ದೀಪ, ಫ್ಯಾನುಗಳಿಗೆ ಅರ್ಧ ಯೂನಿಟ್, ಒಟ್ಟು ಆರು. ನಮ್ಮ ಸೀಮೆಯ ಒಳ್ಳೆಯ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಪ್ಲೇಟಿನಿಂದ ದಿನಕ್ಕೆ ಸರಿಸುಮಾರು ನಾಲ್ಕು ಯೂನಿಟ್ ಬರುತ್ತದೆ. ಲೆಕ್ಕಕ್ಕೆ ಒಂದೂವರೆ ಕಿಲೋವ್ಯಾಟ್ ಸಾಕೆನಿಸಿದರೂ ಮೋಡದ ದಿನಗಳನ್ನು ನೆನೆದು 2 ಕಿಲೋವ್ಯಾಟ್ ಹಾಕಿಸಿಕೊಳ್ಳಿರಿ. ಆಷಾಢ, ಶ್ರಾವಣದ ದಟ್ಟ ಮೋಡದಲ್ಲಿ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಇಳಿಯುವ ದಿನಗಳೂ ಇರುತ್ತವೆ.

ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಮೊದಲ ಘಟಕದಲ್ಲಿ ಮೋಟರು ಓಡುವಾಗ ಎಳೆಯುವ ವಿದ್ಯುತ್ತನ್ನಷ್ಟೇ ನೋಡಿ ಇನ್ವರ್ಟರ್ ತಂದೆವು. ಮೋಟರು ನಿಂತ ಸ್ಥಿತಿಯಿಂದ ಹೊರಡುವಾಗ ಅದರ ಹಲವು ಪಟ್ಟು ಎಳೆಯುತ್ತದೆ ಎಂಬುದನ್ನು ಮಾರಿದವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಗಿರಣಿಯ ಗುಂಡಿ ಒತ್ತಿದಾಗಲೆಲ್ಲ ಗುಂಯ್ ಎಂಬ ಸದ್ದು ಬಂದು, ದೀಪ ಮಂಕಾಗಿ, ಇನ್ವರ್ಟರ್ ಆರಿಹೋಗುತ್ತಿತ್ತು. ಕೊನೆಗೆ ಸಂಘದ ಹಿರಿಯ ಸದಸ್ಯೆಯೊಬ್ಬರು ಗಿರಣಿಯ ಬಾಯಿಯಲ್ಲಿ ಹಿಂದಿನ ದಿನದ ಜೋಳ ಉಳಿದಿದ್ದುದನ್ನು ಕಂಡು, ಅದನ್ನು ಕೈಯಿಂದ ಬರಿದು ಮಾಡಿ, ಗಿರಣಿಯನ್ನು ಖಾಲಿಯಾಗಿ ಹೊರಡಿಸಿದರು. ಅದು ಪೂರ್ಣ ವೇಗಕ್ಕೆ ಬಂದ ಮೇಲೆ ಬೊಗಸೆ ಬೊಗಸೆಯಾಗಿ ಕಾಳು ಸುರಿದಾಗ ತಡೆಯಿಲ್ಲದೆ ಓಡಿತು. ಅಂದಿನಿಂದ ಬೀಸುವುದು ಮುಗಿದ ಮೇಲೆ ಗಿರಣಿಯ ಬಾಯಿ ಬರಿದು ಮಾಡುವುದು ಅಲ್ಲಿ ನಿಯಮವಾಗಿದೆ. ಹೊಸದಾಗಿ ಕೊಳ್ಳುವವರು ಡಿಸಿ ಮೋಟರಿನ, ಅಂದರೆ ಪ್ಲೇಟು ಮತ್ತು ಬ್ಯಾಟರಿ ಕೊಡುವ ನೇರ ವಿದ್ಯುತ್ತಿನಿಂದಲೇ ಓಡುವ, ಯಂತ್ರಗಳನ್ನೇ ಕೇಳಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಸಾಧಾರಣ ಮೋಟರಾದರೆ, ಹೊರಡುವ ಹೊರೆಯನ್ನು ತಾಳುವ ಇನ್ವರ್ಟರನ್ನು ಕೇಳಿ, ನಿಮ್ಮ ಗಿರಣಿಯನ್ನೇ ಅದಕ್ಕೆ ಜೋಡಿಸಿ ನಡೆಸಿ ತೋರಿಸಿದ ಮೇಲೆ ಹಣ ಕೊಡಬೇಕು.

ಪ್ಲೇಟುಗಳು ತೆಂಕಣಕ್ಕೆ ಮುಖ ಮಾಡಿರಬೇಕು, ವಿಜಯಪುರದ ಅಕ್ಷಾಂಶಕ್ಕೆ ತಕ್ಕಂತೆ ಸುಮಾರು 17 ಡಿಗ್ರಿ ಓರೆಯಾಗಿರಬೇಕು. ಮಣ್ಣಿನ ಮಾಳಿಗೆಗೆ ಬೋಲ್ಟ್ ಹೊಡೆಯಲು ಹೋಗಬೇಡಿರಿ. ಮಾಳಿಗೆ ಸೋರುತ್ತದೆ, ಬಿರುಗಾಳಿಗೆ ಚೌಕಟ್ಟೂ ಕದಲುತ್ತದೆ. ಹಿತ್ತಲಿನಲ್ಲಿ ಕಾಂಕ್ರೀಟ್ ಬುಡದ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸುವುದೇ ಕ್ಷೇಮ. ಮುಂಜಾನೆಯಿಂದ ಸಂಜೆಯವರೆಗೆ ಬೇವಿನ ಮರದ ನೆರಳು ಎಲ್ಲೆಲ್ಲಿ ಸರಿಯುತ್ತದೆಂದು ನೋಡಿಕೊಳ್ಳಬೇಕು, ಏಕೆಂದರೆ ಒಂದು ಪ್ಲೇಟಿನ ಮೂಲೆಗೆ ಬಿದ್ದ ನೆರಳು ಅದರ ಜೊತೆ ಜೋಡಿಸಿದ ಪ್ಲೇಟುಗಳ ಉತ್ಪಾದನೆಯನ್ನೂ ಕುಗ್ಗಿಸಬಲ್ಲದು. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ದಪ್ಪಗೆ ಕೂರುತ್ತದೆ; ವಾರಕ್ಕೊಮ್ಮೆ, ಬಿಸಿಲೇರುವ ಮುನ್ನ, ತಣ್ಣೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಕಾದ ಗಾಜಿನ ಮೇಲೆ ನೀರು ಸುರಿಯಬಾರದು. ಬೇಸಿಗೆ ಮಳೆಯಲ್ಲಿ ಸಿಡಿಲು ಹೆಚ್ಚು, ಆದ್ದರಿಂದ ಅರ್ಥಿಂಗ್ ಮತ್ತು ಮಿಂಚುಬಂಧಕದ ವಿಷಯದಲ್ಲಿ ಹಣ ಉಳಿಸಲು ನೋಡಬೇಡಿರಿ. ಇನ್ವರ್ಟರನ್ನು ಹಿಟ್ಟು ಹಾರುವ ಕೋಣೆಯಲ್ಲಿ ಇಟ್ಟರೆ ಅದರ ಗಾಳಿಕಿಂಡಿಗಳಲ್ಲಿ ಹಿಟ್ಟು ಕಟ್ಟಿ ಯಂತ್ರ ಕಾದು ಕೆಡುತ್ತದೆ. ಆಸಿಡ್ ಬ್ಯಾಟರಿಯಂತೂ ಆಹಾರ ತಯಾರಿಸುವಲ್ಲಿ ಇರಲೇಬಾರದು. ಎರಡಕ್ಕೂ ಗಾಳಿಯಾಡುವ ಬೇರೆ ಮೂಲೆ ಬೇಕು.

ಬ್ಯಾಟರಿಯನ್ನು ಆದಷ್ಟು ಸಣ್ಣದಾಗಿ ಇಟ್ಟುಕೊಳ್ಳುವ ಉಪಾಯವೆಂದರೆ ಕೆಲಸವನ್ನು ಹೊತ್ತಿನ ಜೊತೆ ಹೊಂದಿಸುವುದು. ಬೆಳಿಗ್ಗೆ ಹಿಟ್ಟು ನಾದಿಕೊಂಡು ಒಂಬತ್ತರ ಸುಮಾರಿಗೆ ಲಟ್ಟಿಸಲು ತೊಡಗಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಆ ಯಂತ್ರ ನಿಲ್ಲಿಸಿ, ಮರುದಿನಕ್ಕೆ ಬೇಕಾದ ಜೋಳವನ್ನು ಹನ್ನೆರಡರಿಂದ ಮೂರರವರೆಗೆ ಬೀಸಿಕೊಂಡರೆ ದೊಡ್ಡ ಮೋಟರು ನೇರವಾಗಿ ಬಿಸಿಲಿನ ಮೇಲೆಯೇ ಓಡುತ್ತದೆ. ಉಳಿದ ರೊಟ್ಟಿಯನ್ನು ಮೂರರ ನಂತರ ಲಟ್ಟಿಸಬಹುದು. ಎರಡು ಯಂತ್ರಗಳನ್ನು ಒಟ್ಟಿಗೆ ಹೊರಡಿಸಬಾರದು. 12 ವೋಲ್ಟಿನ, 150 ಆಂಪಿಯರ್ ಅವರ್ ಆಸಿಡ್ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಯುತ್ತದೆಯಾದರೂ ಅದು ಬಾಳಬೇಕಾದರೆ ಅರ್ಧದಷ್ಟನ್ನೇ ಬಳಸಬೇಕು. ಅದಕ್ಕೆ ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಬ್ಯಾಟರಿಗೆ ವಿಷವಿದ್ದಂತೆ. ನಾಲ್ಕು ವರ್ಷಕ್ಕೆ ಬದಲಿಸಬೇಕಾದೀತೆಂದು ಎಣಿಸಿ ಮೊದಲ ತಿಂಗಳಿನಿಂದಲೇ ಹಣ ತೆಗೆದಿಡಿರಿ: ಬ್ಯಾಟರಿಗಳ ಬೆಲೆ 30,000 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 625 ರೂಪಾಯಿ. ಈ ಹಣವನ್ನು ಲಾಭವೆಂದು ಹಂಚಿಕೊಂಡ ಸಂಘಗಳಲ್ಲಿ, ಬ್ಯಾಟರಿ ಸತ್ತ ದಿನವೇ ಘಟಕಕ್ಕೆ ಬೀಗ ಬಿದ್ದುದನ್ನು ನೋಡಿದ್ದೇನೆ.

ಬಂಡವಾಳಕ್ಕೆ ಎರಡು ದಾರಿಗಳನ್ನು ವಿಚಾರಿಸಬಹುದು. ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಮಹಿಳೆಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನ ಮತ್ತು ಶೇ. 5ರಷ್ಟು ಸ್ವಂತ ಹಣ ಎಂಬ ನಿಯಮವಿದೆ. 2020ರಲ್ಲಿ ಆರಂಭವಾದ, ಪಿಎಂಎಫ್‌ಎಂಇ ಎಂದು ಕರೆಯಲಾಗುವ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ. 35ರ ಸಹಾಯಧನಕ್ಕೆ ರಾಜ್ಯ ಸರ್ಕಾರವು ಶೇ. 15 ಸೇರಿಸಿದೆ. ಸದ್ಯ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದೂ, ಯಂತ್ರಗಳ ಪಟ್ಟಿಯಲ್ಲಿ ಸೋಲಾರಿನ ದರಪಟ್ಟಿಯನ್ನು ಸೇರಿಸಬಹುದೇ ಎಂದೂ ಕೃಷಿ ಇಲಾಖೆ ಮತ್ತು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಬೇಕು. ಆಹಾರ ಸುರಕ್ಷತೆಯ ನೋಂದಣಿ ಮಾಡಿಸದೆ ಪೊಟ್ಟಣ ಮಾರಬಾರದು. ಹೆಸ್ಕಾಂ ಸಂಪರ್ಕವನ್ನೂ ಇಟ್ಟುಕೊಳ್ಳುವುದಾದರೆ ಘಟಕಕ್ಕೆ ಬೇರೆ ಮೀಟರ್ ಮಾಡಿಸಿರಿ. ಗೃಹಜ್ಯೋತಿಯ ಉಚಿತ ವಿದ್ಯುತ್ತು ಇರುವುದು ಮನೆಬಳಕೆಗೆ, ವ್ಯಾಪಾರಕ್ಕಲ್ಲ.

ಮಾರಾಟದ ಸುಗ್ಗಿ ನಮ್ಮಲ್ಲಿ ಚಳಿಗಾಲದಲ್ಲಿಯೇ ಬರುತ್ತದೆ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ನೈವೇದ್ಯ ಚೆಲ್ಲುವ ಚರಗಕ್ಕೆ ಸಜ್ಜೆ ರೊಟ್ಟಿ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಅದರ ಆಸುಪಾಸಿನಲ್ಲಿಯೇ ಬಾದಾಮಿಯ ಬನಶಂಕರಿ ಜಾತ್ರೆ. ಆ ವಾರಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಎಷ್ಟು ಮಾಡಿದರೂ ಸಾಲದು. ಆಗ ಮುಗಿಲು ತಿಳಿಯಾಗಿರುತ್ತದೆ ಮತ್ತು ಪ್ಲೇಟುಗಳು ಕಾಯದೆ ತಣ್ಣಗಿರುವುದರಿಂದ ಅಷ್ಟೇ ಬಿಸಿಲಿಗೆ ಹೆಚ್ಚು ವಿದ್ಯುತ್ತು ಕೊಡುತ್ತವೆ. ಹಾಗಾಗಿ ಖಾನಾವಳಿ ಮತ್ತು ಮದುವೆ ಮನೆಗಳಿಂದ ದೀಪಾವಳಿಯ ಹೊತ್ತಿಗೇ ಮುಂಗಡ ಪಡೆದು ಆರ್ಡರ್ ಬರೆದುಕೊಂಡಿರಬೇಕು. ಜಾತ್ರೆಗಳು ಮುಗಿಯುತ್ತಲೇ ಹಿಂಗಾರಿ ಜೋಳ ರಾಶಿಯಾಗುತ್ತದೆ. ಕೈಯಲ್ಲಿ ಹಣವಿರುವ ಆ ಕಾಲದಲ್ಲಿಯೇ ಡೋಣಿ ನದಿ ಸಾಲಿನ ರೈತರ ಕಣಕ್ಕೆ ಹೋಗಿ, ವರ್ಷಕ್ಕೆ ಬೇಕಾಗುವ ಮಾಲದಂಡಿ ತಳಿಯ ಜೋಳವನ್ನು ಖರೀದಿಸಿ, ಚೆನ್ನಾಗಿ ಒಣಗಿಸಿ ಚೀಲ ತುಂಬಿಟ್ಟುಕೊಳ್ಳಿರಿ.