ಉಗುರಿನ ಬುಡಕ್ಕೆ ಒಂದು ಹನಿ ಕುಸುಬಿ ಎಣ್ಣೆ

ಗದಗಿನಲ್ಲಿ ನರ್ಸಿಂಗ್ ಓದುವವರಿಗೆ ನಾನು ಫಿಸಿಯಾಲಜಿ ಕಲಿಸುತ್ತೇನೆ. ಕ್ಯಾಪಿಲರಿ, ಅಂದರೆ ಅತಿ ಸಣ್ಣ ರಕ್ತನಾಳದ ಪಾಠ ಬಂದಾಗ ಚಾರ್ಟ್ ಬದಿಗಿಟ್ಟು ಅವರವರ ಬೆರಳನ್ನೇ ತೋರಿಸುತ್ತೇನೆ. ಲ್ಯಾಪ್‌ಟಾಪಿಗೆ ಸಿಗಿಸುವ ಸಣ್ಣ ಮೈಕ್ರೋಸ್ಕೋಪ್ ಇದ್ದರೆ ಸಾಕು.

ಎಡಗೈಯ ಉಂಗುರ ಬೆರಳು ಒಳ್ಳೆಯದು. ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಬಿಟ್ಟರೆ ಬೆಳಕು ಚರ್ಮದ ಮೇಲೇ ಚದುರುವುದು ಕಡಿಮೆಯಾಗಿ ಒಳಗಿನದು ಕಾಣುತ್ತದೆ. ನಮ್ಮ ಕಡೆ ಅಡುಗೆಮನೆಯಲ್ಲೇ ಇರುವ ಕುಸುಬಿ ಎಣ್ಣೆ ನಡೆಯುತ್ತದೆ. ಮೆಹಂದಿ ಹಚ್ಚಿದ ಬೆರಳು ಬೇಡ. ಹೊಲದ ಕೆಲಸದಲ್ಲಿ ದಪ್ಪಗಾದ ಚರ್ಮದಲ್ಲೂ ಮಸುಕು. ಥಂಡಿ ಗಾಳಿಯಲ್ಲಿ ಬಂದವರನ್ನು ಕಾಲು ಗಂಟೆ ಸುಮ್ನೆ ಕೂರಿಸುತ್ತೇನೆ. ಕೈ ತಣ್ಣಗಿದ್ದರೆ ಬೆರಳಿಗೆ ರಕ್ತವೇ ಸರಿಯಾಗಿ ಬರುವುದಿಲ್ಲ. ಆಮೇಲೆ ಬೆರಳು ಅಲುಗಾಡದಂತೆ ಟೇಪ್ ಹಚ್ಚುತ್ತೇನೆ.

ಪರದೆಯ ಮೇಲೆ ಕೂದಲ ಪಿನ್ನುಗಳ ಹಾಗೆ ಸಾಲು ಸಾಲು ಕುಣಿಕೆ ಕಾಣುತ್ತವೆ. ರಕ್ತ ಬರುವ ಕಡೆ ತೆಳ್ಳಗೆ, ಹೋಗುವ ಕಡೆ ತುಸು ಅಗಲ. ಕೆಂಪಗೆ ಕಾಣುವುದು ನಾಳದ ಗೋಡೆ ಅಲ್ಲ, ಒಳಗಿನ ಕೆಂಪು ಕಣಗಳ ಸಾಲು. ಫೋಕಸ್ ಕೂತರೆ ಸಾಲಿನ ನಡುವಿನ ಖಾಲಿ ಜಾಗ ಸರಿಯುವುದೂ ಗೊತ್ತಾಗುತ್ತದೆ. ‘ಇಷ್ಟು ನಿಧಾನಾನಾ ಸರ್?’ ಅನ್ನುತ್ತಾರೆ. ಹೃದಯದಿಂದ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಯಲ್ಲಿ ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಓಡುವ ರಕ್ತ ಇಲ್ಲಿ 1 ಮಿಲಿಮೀಟರ್ ಆಸುಪಾಸು ಅಷ್ಟೇ. ಕ್ಯಾಪಿಲರಿಗಳನ್ನೆಲ್ಲ ಕೂಡಿಸಿದರೆ ರಕ್ತ ಹರಿಯುವ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಮಹಾಪಧಮನಿಯ ನೂರಾರು ಪಟ್ಟು. ಅದಕ್ಕೇ ವೇಗ ಇಳಿಯುತ್ತದೆ, ಆಕ್ಸಿಜನ್ ದಾಟಲು ಪುರುಸೊತ್ತು ಸಿಗುತ್ತದೆ.

ಬಿಪಿ ಪಟ್ಟಿ ಕಟ್ಟಿ ಒಂದು ಕ್ಷಣ ಜಾಸ್ತಿ ಬಿಗಿದರೆ ಓಟ ನಿಲ್ಲುತ್ತದೆ. ಬಿಟ್ಟ ಕೂಡಲೇ ಮತ್ತೆ ನುಗ್ಗುತ್ತದೆ. ಹುಡುಗಿಯರಿಗೆ ಇದೇ ಇಷ್ಟ.

ಕ್ಯಾಪಿಲರಿಯಿಂದ ನೀರು ಹೊರಗೆ ಸೋರುವುದನ್ನು ಮಾತ್ರ ಹೀಗೆ ತೋರಿಸಲು ಆಗುವುದಿಲ್ಲ. ಅದಕ್ಕೆ ದಿನವಿಡೀ ವಾರ್ಡಿನಲ್ಲಿ ನಿಂತು ಬಂದವರ ಸಾಕ್ಸ್ ಕೆಳಗೆ ಇಳಿಸಲು ಹೇಳುತ್ತೇನೆ. ಚರ್ಮದ ಮೇಲೆ ಪಟ್ಟಿಯ ಗುರುತು ಆಳವಾಗಿ ಬಿದ್ದಿರುತ್ತದೆ. ನಿಂತಾಗ ಪಾದದ ಕ್ಯಾಪಿಲರಿಗಳಲ್ಲಿ ಒತ್ತಡ ಏರಿ ನೀರು ಜಾಸ್ತಿ ಸೋರುತ್ತದೆ. ಪುಸ್ತಕದ ಚಿತ್ರದಲ್ಲಿ ಕ್ಯಾಪಿಲರಿಯೊಳಗಿನ ರಕ್ತದ ಒತ್ತಡ, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ, ರಕ್ತ ಬರುವ ತುದಿಗೆ 35, ಹೋಗುವ ತುದಿಗೆ 15. ರಕ್ತದ ಪ್ರೋಟೀನ್ ನೀರನ್ನು ಒಳಗೆಳೆಯುವ ಬಲ 25. ಮೊದಲು ನೀರು ಹೊರಗೆ, ಆಮೇಲೆ ಒಳಗೆ. ಪರೀಕ್ಷೆಗೆ ಅದನ್ನೇ ಬರೆಯಿರಿ ಅನ್ನುತ್ತೇನೆ. ಆದರೆ ಆ ಲೆಕ್ಕ ಅತಿ ಚೊಕ್ಕ. ಹೆಚ್ಚಿನ ಕಡೆ ನೀರು ಉದ್ದಕ್ಕೂ ಸ್ವಲ್ಪ ಸ್ವಲ್ಪ ಹೊರಗೇ ಹೋಗುತ್ತದೆ, ಅದನ್ನು ರಕ್ತಕ್ಕೆ ವಾಪಸ್ ಮುಟ್ಟಿಸುವುದು ಮುಖ್ಯವಾಗಿ ಲಿಂಫ್ ನಾಳಗಳು, ಅಂದರೆ ಸೋರಿದ ನೀರನ್ನು ಹೊತ್ತೊಯ್ಯುವ ಬೇರೆಯೇ ನಾಳಗಳು. ಮೀನಖಂಡ ಆಡಿಸಿದಾಗ ಅವುಗಳ ಕೆಲಸ ಚುರುಕಾಗುತ್ತದೆ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ ಅಂತ ಅವರಿಗೆ ಹೇಳುವುದು ಅದಕ್ಕೇ. ಒಂದೇ ಕಾಲು ಬಾತಿದ್ದರೆ ಮಾತ್ರ ತಿಕ್ಕುವುದೂ ಬೇಡ, ವ್ಯಾಯಾಮವೂ ಬೇಡ. ಮೊದಲು ಡಾಕ್ಟರಿಗೆ ತೋರಿಸಬೇಕು.